ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ವಿಚಾರಸಂಕಿರಣ

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿರುವ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಹ್ಯಾರಿಸ್ 1933ರಲ್ಲಿ ಆರಂಭಿಸಿದ, ಪ್ರತಿ ಸಲ ಒಂದೇ ವಿಷಯವನ್ನು ಆಯ್ದು ನಡೆಸುವ ಜೀವವಿಜ್ಞಾನ ಸಮ್ಮೇಳನ. ಭೌತ, ರಸಾಯನ ಮತ್ತು ಗಣಿತಶಾಸ್ತ್ರಗಳ ಅಳತೆಯ ವಿಧಾನಗಳನ್ನು ಜೀವಿಗಳ ಅಧ್ಯಯನಕ್ಕೆ ತರುವುದು ಇದರ ಮೂಲ ಉದ್ದೇಶವಾಗಿತ್ತು. 1951ರಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಅವರು ಮೆಕ್ಕೆಜೋಳದ ಪ್ರಯೋಗಗಳನ್ನು ಆಧರಿಸಿ, ವರ್ಣತಂತುಗಳಲ್ಲಿ, ಅಂದರೆ ಜೀವಕೋಶದ ಆನುವಂಶಿಕ ಎಳೆಗಳಲ್ಲಿ, ಸ್ಥಳ ಬದಲಿಸುವ ಘಟಕಗಳಿವೆಯೆಂದು ಇಲ್ಲಿ ಮಂಡಿಸಿದಾಗ ಬಹುಪಾಲು ವಿದ್ವಾಂಸರು ಅದನ್ನು ಗ್ರಹಿಸಲಿಲ್ಲ. ಆ ಶೋಧಕ್ಕೆ ನೊಬೆಲ್ ಪ್ರಶಸ್ತಿ ದೊರೆತದ್ದು 1983ರಲ್ಲಿ ಎಂಬುದು ವಿಜ್ಞಾನದ ಇತಿಹಾಸದಲ್ಲಿ ನೋವಿನ ಸಂಗತಿಯೇ ಸರಿ. ವೈರಸ್ಸುಗಳನ್ನು ಕುರಿತ 1953ರ ಸಮ್ಮೇಳನದಲ್ಲಿ ಜೇಮ್ಸ್ ವಾಟ್ಸನ್ ಡಿಎನ್‌ಎಯ ಜೋಡಿಸುರುಳಿ ರಚನೆಯನ್ನು ವಿವರಿಸಿದರು. 1966ರ ಸಮ್ಮೇಳನವು, ಪ್ರೋಟೀನುಗಳಲ್ಲಿ ಅಮೈನೋ ಆಮ್ಲಗಳ ಕ್ರಮವನ್ನು ನಿರ್ಧರಿಸುವ ಆನುವಂಶಿಕ ಸಂಕೇತಕ್ಕೆ ಮೀಸಲಾಗಿದ್ದು, ಭಾರತಸಂಜಾತ ಹರಗೋಬಿಂದ್ ಖೊರಾನಾ ಅದರಲ್ಲಿ ಪ್ರಬಂಧ ಮಂಡಿಸಿದರು.