ಮೃಗಾಲಯದ ಚಿತ್ರವೂ ಅರಣ್ಯದ ಚಿತ್ರವೂ

ಮೃಗಗಳ ಛಾಯಾಚಿತ್ರಗಳು ಎರಡು ಬಗೆಯವು: ಮನುಷ್ಯನ ಪೋಷಣೆಯಲ್ಲಿರುವ ಮೃಗದ ಚಿತ್ರವೊಂದು, ಸ್ವಸ್ಥಾನದಲ್ಲಿ ಸ್ವೇಚ್ಛೆಯಿಂದ ಸಂಚರಿಸುವ ಮೃಗದ ಚಿತ್ರ ಮತ್ತೊಂದು. ಇವೆರಡಕ್ಕೂ ಮೈಸೂರಿನಷ್ಟು ಅನುಕೂಲವಾದ ನಗರಗಳು ವಿರಳ. ಏಕೆಂದರೆ, ನಗರದಲ್ಲಿಯೇ ಮೃಗಾಲಯವಿರುವುದು. ಬಂಡೀಪುರ, ಕಾಕನಕೋಟೆಗಳ ಅರಣ್ಯಗಳೂ ಬಹುದೂರವಲ್ಲ.

ಹತ್ತನೆಯ ಚಾಮರಾಜ ಒಡೆಯರವರು 1892ನೆಯ ಇಸವಿಯಲ್ಲಿ ಸ್ಥಾಪಿಸಿದ ಮೃಗಾಲಯವು ಮೊದಲು ಅರಮನೆಗೆ ಸೇರಿದುದಾಗಿದ್ದು, 1902ರಲ್ಲಿ ಸಾರ್ವಜನಿಕರ ಪ್ರವೇಶಕ್ಕೆ ತೆರೆದು, 1909ರಲ್ಲಿ ಆ ಪ್ರಭುಗಳ ನಾಮಧೇಯವನ್ನೇ ಪಡೆಯಿತು. ಕಂದಕದಿಂದ ಬಳಸಿದ ಬಯಲಿನಲ್ಲಿ ಹುಲಿಯು ಮಲಗಿರುವಾಗ ಚಿತ್ರದಲ್ಲಿ ಕಂಬಿಯ ನೆರಳೂ ಕಾಣದು. ಕಣ್ಣಿನ ಬಣ್ಣ, ಮೀಸೆಯ ಎಳೆ, ತೊಗಲಿನ ಪಟ್ಟೆ ಎಲ್ಲವೂ ಸ್ಫುಟವಾಗಿ ಮೂಡುವುವು. ವಿದ್ಯಾರ್ಥಿಗೂ ಚಿತ್ರಕಾರನಿಗೂ ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಹೊತ್ತಿಗೆ ಸರಿಯಾಗಿ ಆಹಾರ ಪಡೆಯುವ ಮೃಗವು ಕಾಡಿನಲ್ಲಿ ಹೇಗೆ ಬಾಳುವುದೆಂಬುದನ್ನು ಈ ಚಿತ್ರವು ತಿಳಿಸಲಾರದು.

ಅದನ್ನು ತಿಳಿಯಬೇಕಾದರೆ ಕಾಡಿಗೇ ಹೋಗಬೇಕು. ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು ಉತ್ತರದ ಅರಣ್ಯಗಳಲ್ಲಿ ಹುಲಿಯ ಹಾದಿಗೆ ತಂತಿಯನ್ನು ಕಟ್ಟಿ, ಅದು ಸೋಕಿದೊಡನೆ ಬೆಳಕು ಹೊತ್ತಿ ಚಿತ್ರವು ಮೂಡುವಂತೆ ಮಾಡಿ, ಆ ಚಿತ್ರಗಳನ್ನು 1927ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಎಂಬವರು ಬಹುಕಾಲ ಸೀಳುನಾಯಿಗಳ ಜಾಡನ್ನು ಹಿಡಿದು ನಡೆದುದರಿಂದಲೇ, ಗುಂಪಿನ ಬೇಟೆಯೂ ಮರಿಗಳ ಪೋಷಣೆಯೂ ಅವರ ಚಲಚ್ಚಿತ್ರದಲ್ಲಿ ಗೋಚರವಾದುವು.

ನಿಜವಾದ ಕಾಡೂ ಕಟ್ಟಿದ ಕಾಡೂ ಬೆರೆತುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವುಂಟು. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಲಚ್ಚಿತ್ರದಲ್ಲಿ, ರಾಬರ್ಟ್ ಫ್ಲಾಹರ್ಟಿಯು ಮೈಸೂರು ಸೀಮೆಯಲ್ಲಿ ತೆಗೆದ ಆನೆಗಳ ದೃಶ್ಯಗಳೊಡನೆ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ ದೃಶ್ಯಗಳನ್ನು ಜೋಡಿಸಿದರು. ಕಾರಾಪುರದ ಬಾಲಕ ಸಾಬುವು ಎರಡರಲ್ಲಿಯೂ ಇದ್ದುದರಿಂದ ಪ್ರೇಕ್ಷಕರಿಗೆ ಭೇದವು ತೋರುವುದು ಸುಲಭವಲ್ಲ. ಕಥೆಗೆ ಇದು ದೋಷವಲ್ಲ. ಮೃಗಗಳ ಚರಿತ್ರೆಗಾದರೋ ದೋಷವೇ ಸರಿ.

ಹೇಗೆಂದರೆ, 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಮೃಗವು ಎದುರಿಗೆ ಬಂದೊಡನೆ ತಾನಾಗಿ ಚಿತ್ರ ತೆಗೆಯುವ ಯಂತ್ರಗಳನ್ನಿಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜುಮಾಡಿದರು. ಎರಡು ಹುಲಿಗಳ ಪಟ್ಟೆಗಳು ಒಂದೇ ತೆರನಾಗಿರುವುದಿಲ್ಲವೆಂಬುದೇ ಈ ಗಣನೆಗೆ ಆಧಾರ. ಇಲ್ಲಿ ಚಿತ್ರದ ಅಂದವು ಮುಖ್ಯವಲ್ಲ. ಅದನ್ನು ತೆಗೆದ ಸ್ಥಳವೂ ಕಾಲವೂ ಸತ್ಯವಾಗಿರಬೇಕು. ಒಂದು ಹುಸಿಯಾದರೆ ಲೆಕ್ಕವೇ ಕೆಟ್ಟು, ಆ ಲೆಕ್ಕವನ್ನು ನಂಬಿ ಮಾಡುವ ರಕ್ಷಣೆಯೂ ಕೆಡುವುದು.

ಆದುದರಿಂದ ಮೃಗಾಲಯದ ಚಿತ್ರವನ್ನು ಮೃಗಾಲಯದ್ದೆಂದೇ ಹೇಳಿ ತೋರಿಸುವುದರಲ್ಲಿ ಯಾವ ನ್ಯೂನತೆಯೂ ಇಲ್ಲ. ಅದನ್ನು ಅರಣ್ಯದ್ದೆಂದು ಹೇಳಿದಾಗ ಮಾತ್ರ ನೋಡುವವನೂ ಮೋಸಹೋಗುವನು, ಕಾಡಿನ ಹುಲಿಗೂ ಅನ್ಯಾಯವಾಗುವುದು.