ಸಾಹೇಬರು ರಜೆಯಲ್ಲಿದ್ದಾರೆ

ಜೇಮ್ಸ್ ಬಾಂಡ್ ಕೈಗೆ ವಿಚಿತ್ರ ಆಯುಧಗಳನ್ನು ಕೊಟ್ಟು, ಕೊಟ್ಟ ಮೇಲೆ ಗೊಣಗುವ ಕ್ಯೂ ಎಂದರೆ ನನ್ನ ತಲೆಮಾರಿನವರಿಗೆ ಡೆಸ್ಮಂಡ್ ಲೆವೆಲಿನ್ ಒಬ್ಬರೇ. ಕಾನರಿಯಿಂದ ಬ್ರಾಸ್ನನ್‌ವರೆಗೆ ಐವರು ಬಾಂಡ್‌ಗಳ ಜತೆ, ಒಟ್ಟು 17 ಚಿತ್ರಗಳಲ್ಲಿ ಅವರು ಕ್ಯೂ ಆಗಿದ್ದರು. ನಮ್ಮಲ್ಲಿ ಲೆಕ್ಕ ತಿರುಗುಮುರುಗು. 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ಸಿಐಡಿ 999 ಎಂದರೆ ರಾಜ್‌ಕುಮಾರ್. ಅವರನ್ನು ಬದಲಿಸುವ ಯೋಚನೆ ಯಾರಿಗೆ ಬಂದೀತು? ಅಲ್ಲಿ ನಾಯಕರು ಬದಲಾದರು, ಗೊಣಗುವ ಮುದುಕ ಉಳಿದ.

ಲೆವೆಲಿನ್ ಅವರೇ ಮೊದಲ ಕ್ಯೂ ಎಂದು ನಾನೂ ನಂಬಿದ್ದೆ. ಒಂದು ರಾತ್ರಿ 1962ರ 'ಡಾ. ನೋ' ಹಾಕಿಕೊಂಡು ಕೂತಾಗ ಆ ನಂಬಿಕೆ ಕುಸಿಯಿತು. ಬಾಂಡ್‌ನ ಬೆರೆಟ್ಟಾ ಕಿತ್ತುಕೊಂಡು ವಾಲ್ಥರ್ ಪಿಪಿಕೆ ಕೊಡುವವನ ಮುಖವೇ ಬೇರೆ. ನಟ ಪೀಟರ್ ಬರ್ಟನ್. ಪಾತ್ರದ ಹೆಸರು ಮೇಜರ್ ಬೂತ್‌ರಾಯ್ಡ್. ಮರುವರ್ಷದ 'ಫ್ರಮ್ ರಷ್ಯಾ ವಿತ್ ಲವ್' ಹೊತ್ತಿಗೆ ಬರ್ಟನ್ ಬಿಡುವಾಗಿರಲಿಲ್ಲ. ನಿರ್ದೇಶಕ ಟೆರೆನ್ಸ್ ಯಂಗ್ ತಮ್ಮ 1950ರ ಚಿತ್ರವೊಂದರಲ್ಲಿ ಕೆಲಸ ಮಾಡಿದ್ದ ಲೆವೆಲಿನ್‌ರನ್ನು ಕರೆಸಿದರು. ಅಂದರೆ ನಾವು 'ಇವರ ಜಾಗಕ್ಕೆ ಇನ್ಯಾರು' ಎಂದು ಹಲುಬಿದ ಆ ಮನುಷ್ಯ ತಾನೇ ಇನ್ನೊಬ್ಬರ ಜಾಗಕ್ಕೆ ಬಂದವರು!

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಮೂರು ಕಾಲಂ ಎಳೆದೆ: ನಟ ಯಾರು, ಟೈಟಲ್ ಕಾರ್ಡ್‌ನಲ್ಲಿ ಪಾತ್ರಕ್ಕೆ ಏನು ಹೆಸರು, ಚಿತ್ರದೊಳಗಿನವರು ಅವನನ್ನು ಏನೆಂದು ಕರೆಯುತ್ತಾರೆ. ನನಗೆ ಬೇಕಿದ್ದದ್ದು ಒಂದೇ ಉತ್ತರ. ನಟ ಬದಲಾದಾಗ ಬದಲಾಗಿದ್ದು ವೇಷಧಾರಿಯೋ, ಹುದ್ದೆಯಲ್ಲಿದ್ದ ಮನುಷ್ಯನೋ? ಯಕ್ಷಗಾನ ನೋಡಿ ಬೆಳೆದವರಿಗೆ ಮೊದಲನೆಯದು ದೊಡ್ಡ ಸಂಗತಿಯಲ್ಲ. ಇಂದು ಒಬ್ಬರ ಕೌರವ, ನಾಳೆ ಇನ್ನೊಬ್ಬರ ಕೌರವ, ಕೌರವ ಒಬ್ಬನೇ.

1963ರ ಚಿತ್ರದಲ್ಲಿ ಲೆವೆಲಿನ್ ಪಾತ್ರದ ಹೆಸರು ಬೂತ್‌ರಾಯ್ಡ್ ಎಂದೇ ಇದೆ. ಮುಖ ಬೇರೆ, ಆಸಾಮಿ ಅವನೇ. ಮರುವರ್ಷ 'ಗೋಲ್ಡ್‌ಫಿಂಗರ್'ನಲ್ಲಿ ಆ ಹೆಸರು ಅಳಿಸಿ ಬರೀ ಕ್ಯೂ ಎಂದಾಯಿತು. ಗೊಣಗಾಟ ಶುರುವಾದದ್ದೂ ಅಲ್ಲೇ: ನಿನ್ನ ಆಯುಧಗಳಿಗೆ ಕಿಲುಬು ಕಾಸಿನ ಬೆಲೆ ಕೊಡದವನ ಮೇಲೆ ನಿನಗೆ ಸಿಟ್ಟು ಬರಬೇಡವೇ ಎಂಬರ್ಥದಲ್ಲಿ ನಿರ್ದೇಶಕ ಗೈ ಹ್ಯಾಮಿಲ್ಟನ್ ಲೆವೆಲಿನ್‌ಗೆ ಹೇಳಿಕೊಟ್ಟರು. ಬೂತ್‌ರಾಯ್ಡ್ ಹೆಸರು ಸತ್ತಿತೆಂದು ಗೆರೆ ಎಳೆಯಲು ಹೊರಟಿದ್ದೆ; 1977ರ 'ದಿ ಸ್ಪೈ ಹೂ ಲವ್ಡ್ ಮಿ'ಯಲ್ಲಿ ರಷ್ಯದ ಗೂಢಚಾರಿಣಿ ಲೆವೆಲಿನ್‌ರನ್ನು ಮೇಜರ್ ಬೂತ್‌ರಾಯ್ಡ್ ಎಂದೇ ಮಾತಾಡಿಸಿಬಿಟ್ಟಳು. ಗೆರೆ ಅಳಿಸಿದೆ.

ಹೆಸರಿನ ಬೇರು ಹುಡುಕಿದರೆ ಸಿನಿಮಾ ದಾಟಿ ಗ್ಲಾಸ್ಗೋಗೆ ಹೋಗಬೇಕು. ಅಲ್ಲಿನ ಬಂದೂಕು ತಜ್ಞ ಜೆಫ್ರಿ ಬೂತ್‌ರಾಯ್ಡ್ 1956ರಲ್ಲಿ ಕಾದಂಬರಿಕಾರ ಇಯಾನ್ ಫ್ಲೆಮಿಂಗ್‌ಗೆ ಪತ್ರ ಬರೆದು, ನಿಮ್ಮ ನಾಯಕನ ಬೆರೆಟ್ಟಾ ಹೆಂಗಸರ ಪಿಸ್ತೂಲು ಎಂದು ದೂರಿದರು. ಫ್ಲೆಮಿಂಗ್ ಸಿಟ್ಟಾಗಲಿಲ್ಲ. 1958ರ 'ಡಾ. ನೋ' ಕಾದಂಬರಿಯಲ್ಲಿ ಪಿಸ್ತೂಲನ್ನೂ ಬದಲಿಸಿದರು, ಪತ್ರ ಬರೆದವರ ಹೆಸರನ್ನೇ ಆಯುಧಾಧಿಕಾರಿಗೂ ಇಟ್ಟರು. ಓದುಗರ ಪತ್ರಕ್ಕೆ ಇಂಥ ಉತ್ತರ ಬರೆದ ಲೇಖಕರು ನನಗಂತೂ ಬೇರೆ ಸಿಕ್ಕಿಲ್ಲ.

ಅಮೆರಿಕದ ಗೆಳೆಯ ಫೀಲಿಕ್ಸ್ ಲೈಟರ್ ಪಾತ್ರಕ್ಕೆ ಹೆಚ್ಚು ಹಾಳೆ ಖರ್ಚಾಗಲಿಲ್ಲ. ಏಳು ನಟರು ಬಂದರು, ಯಾರೂ ಬೇಸರಿಸಲಿಲ್ಲ. ಒಬ್ಬರೂ ಬೇರು ಬಿಡುವಷ್ಟು ಕಾಲ ಕೂರಲಿಲ್ಲ, ಅಷ್ಟೇ.

ಕೂತವರು ಬರ್ನಾರ್ಡ್ ಲೀ. ಬಾಂಡ್‌ನ ಮೇಲಧಿಕಾರಿ ಎಮ್ ಆಗಿ 1962ರಿಂದ 1979ರವರೆಗೆ 11 ಚಿತ್ರ. 1981ರ ಜನವರಿಯಲ್ಲಿ, 'ಫಾರ್ ಯುವರ್ ಐಸ್ ಓನ್ಲಿ' ತಯಾರಾಗುತ್ತಿದ್ದಾಗಲೇ ಅವರು ತೀರಿಕೊಂಡರು. ನಿರ್ಮಾಪಕ ಬ್ರೊಕೋಲಿ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲು ಒಪ್ಪಲಿಲ್ಲ. ಚಿತ್ರದಲ್ಲಿ ಎಮ್ ರಜೆಯಲ್ಲಿದ್ದಾರೆ ಎಂದು ಹೇಳಿಸಿ, ಅವರ ಮಾತುಗಳನ್ನು ಕಚೇರಿಯ ಟ್ಯಾನರ್‌ಗೂ ಮಂತ್ರಿಗೂ ಹಂಚಿದರು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ 'ಸಾಹೇಬರು ರಜೆಯಲ್ಲಿದ್ದಾರೆ' ಎಂದರೆ ಕೆಲಸ ಆಗುವುದಿಲ್ಲ ಎಂದರ್ಥ. ಸಾವಿಗೆ ಆ ಮಾತನ್ನು ಹೊದಿಸಿದ್ದನ್ನು ನಾನು ಮೊದಲು ಕಂಡದ್ದು ಇಲ್ಲೇ.

ಲೆವೆಲಿನ್ ವಿಷಯದಲ್ಲಿ ಉತ್ತರಾಧಿಕಾರಿಯನ್ನು ಮೊದಲೇ ತಂದಿದ್ದರು. 'ದಿ ವರ್ಲ್ಡ್ ಈಸ್ ನಾಟ್ ಇನಫ್'ನಲ್ಲಿ ಜಾನ್ ಕ್ಲೀಸ್ ಸಹಾಯಕನಾಗಿ ಬರುತ್ತಾರೆ. ಇವರು ಕ್ಯೂ ಆದರೆ ಅವನೇನು ಆರ್ ಎಂದು ಬಾಂಡ್ ಕೀಟಲೆ ಮಾಡುತ್ತಾನೆ, ಟೈಟಲ್ ಕಾರ್ಡ್ ಕೂಡ ಅದನ್ನೇ ಬರೆದುಕೊಂಡಿತು. ಬಾಂಡ್‌ಗೆ ಎರಡು ಕಿವಿಮಾತು ಹೇಳಿದ ಮುದುಕ ನಿಂತ ನೆಲದ ಜತೆಗೇ ನಿಧಾನ ಕೆಳಗಿಳಿದು ಮರೆಯಾಗುತ್ತಾನೆ. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದದ್ದು 1999ರ ನವೆಂಬರ್ 19. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 19ರಂದು, 85ರ ಲೆವೆಲಿನ್ ಕಾರು ಅಪಘಾತದಲ್ಲಿ ತೀರಿಕೊಂಡರು. 2002ರಲ್ಲಿ ಕ್ಲೀಸ್ ಕ್ಯೂ ಆದಾಗ ತನ್ನ ಹಿಂದಿನವರಿಂದ ಕಲಿತ ಪಾಠವನ್ನು ನೆನೆಯುತ್ತಾರೆ. ಅಲ್ಲಿಗೆ ಮೂರನೆಯ ಕಾಲಂ ತುಂಬಿತು: ಬರ್ಟನ್ ಹೋಗಿ ಲೆವೆಲಿನ್ ಬಂದಾಗ ಬದಲಾದದ್ದು ವೇಷಧಾರಿ, ಲೆವೆಲಿನ್ ಹೋಗಿ ಕ್ಲೀಸ್ ಬಂದಾಗ ಮನುಷ್ಯ. ಆಮೇಲೆ ಎರಡು ಚಿತ್ರಗಳಲ್ಲಿ ಕ್ಯೂ ಇಲ್ಲವೇ ಇಲ್ಲ. 2012ರ 'ಸ್ಕೈಫಾಲ್'ನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, ಒಡೆಯಲು ಎಳೆದೊಯ್ಯುತ್ತಿರುವ ಹಳೆಯ ಯುದ್ಧನೌಕೆಯ ಟರ್ನರ್ ಚಿತ್ರದೆದುರು, ಬಾಂಡ್‌ಗಿಂತ ಕಿರಿಯ ಹುಡುಗ ಬೆನ್ ವಿಶಾ ಬಂದು ಕೂರುತ್ತಾನೆ.

ಉಳಿದದ್ದು ರಾಬರ್ಟ್ ಬ್ರೌನ್. 1983ರ 'ಆಕ್ಟೋಪಸ್ಸಿ'ಯಿಂದ ಎಮ್ ಆದರು, ಚಿತ್ರ ಒಂದು ಮಾತಿನ ವಿವರಣೆಯನ್ನೂ ಕೊಡಲಿಲ್ಲ. ತೊಡಕೆಂದರೆ, 1977ರಲ್ಲಿ ಇದೇ ಬ್ರೌನ್ ಅಡ್ಮಿರಲ್ ಹಾರ್ಗ್ರೀವ್ಸ್ ಆಗಿ ಲೀ ಎದುರೇ ನಿಂತಿದ್ದರು. ಲೀ ಮುಖದ ಮೇಲೆ ಹೊಸ ಬಣ್ಣವೋ, ಬಡ್ತಿ ಪಡೆದ ಹಾರ್ಗ್ರೀವ್ಸೋ? ಟೈಟಲ್ ಕಾರ್ಡ್‌ನಲ್ಲಿ ಬರೀ ಎಮ್. ಸಂಭಾಷಣೆಯಲ್ಲಿ ಸುಳಿವಿಲ್ಲ. ನಾನು ಓದುತ್ತಿದ್ದದ್ದು ಅಕ್ಷರಗಳನ್ನು, ನೋಡಬೇಕಿದ್ದದ್ದು ಗೋಡೆಯನ್ನು. 1999ರ ಚಿತ್ರದಲ್ಲಿ ಸ್ಕಾಟ್ಲೆಂಡಿನ ಕೋಟೆಯೊಳಗೆ ಲೀ ಅವರ ಭಾವಚಿತ್ರ ತೂಗುತ್ತದೆ. 2021ರ 'ನೋ ಟೈಮ್ ಟು ಡೈ'ನಲ್ಲಿ ಲಂಡನ್ ಕಚೇರಿಯ ಗೋಡೆಯ ಮೇಲೆ ಬ್ರೌನ್ ನಂತರ ಎಮ್ ಆದ ಜೂಡಿ ಡೆಂಚ್ ಅವರದು, ಜತೆಗೆ ಬ್ರೌನ್ ಅವರದು. ಒಬ್ಬನೇ ಅಧಿಕಾರಿಗೆ ಎರಡು ಮುಖದ ಪಟ ಯಾವ ಕಚೇರಿಯೂ ಹಾಕಿಸುವುದಿಲ್ಲ. ಬ್ರೌನ್ ಸಾಲಿನ ಮುಂದೆ 'ಮನುಷ್ಯ' ಎಂದು ಬರೆದೆ, ಪೆನ್ಸಿಲ್‌ನಲ್ಲಿ.