ಕಾಫಿ, ಕಷಾಯ, ಬೀಟ್‌ರೂಟ್: ಬೆಳಗಿನ ಲೋಟಕ್ಕೂ ರಕ್ತದ ಓಟಕ್ಕೂ ಏನು ನಂಟು?

📌 ಭಾಗ 1/10
ಈ ಸಲ ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಆ ರೀಲ್ ಬಂದಿರುತ್ತೆ. ‘ಬೆಳಗ್ಗೆ ಖಾಲಿ ಹೊಟ್ಟೇಲಿ ಈ ಒಂದು ಲೋಟ ಕುಡೀರಿ, ರಕ್ತ ಸಂಚಾರ ಸರಾಗ, ಬ್ಲಾಕೇಜ್ ಮಾಯ, ಮಾತ್ರೆ ಬೇಡವೇ ಬೇಡ!’ ಕಳಿಸಿದವರು ದೊಡ್ಡಮ್ಮನೋ, ಚಿಕ್ಕಪ್ಪನೋ. ಆಮೇಲೆ ಅಜ್ಜಿ ನಿಮ್ಮನ್ನೇ ಕೇಳ್ತಾರೆ: ‘ನೀನು ಓದ್ತಾ ಇದ್ದೀಯಲ್ಲ ಮಗಾ, ಇದು ನಿಜಾನಾ?’

ಏನಂತ ಉತ್ತರ ಕೊಡ್ತೀರಿ? ‘ಎಲ್ಲಾ ಸುಳ್ಳು’ ಅಂದರೆ ತಪ್ಪಾಗುತ್ತೆ. ‘ಹೌದು’ ಅಂದರೆ ಅಜ್ಜಿ ನಾಳೆಯಿಂದ ಬಿಪಿ ಮಾತ್ರೆ ಬಿಟ್ಟುಬಿಡಬಹುದು. ಸರಿಯಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಅದನ್ನು ಹುಡುಕೋಕೆ ಸುಮಾರು 1800 ವರ್ಷ ಹಿಂದಕ್ಕೆ ಹೋಗೋಣ ಬನ್ನಿ.

📌 ಭಾಗ 2/10: ರಕ್ತ ಸುತ್ತೋದೇ ಇಲ್ಲ ಅಂತಿದ್ದ ಕಾಲ
‘ರಕ್ತ ಸಂಚಾರ’ ಅನ್ನೋ ಮಾತು ಇವತ್ತು ಎಲ್ಲರ ಬಾಯಲ್ಲೂ ಇದೆ. ಆದರೆ ರೋಮ್ ಸಾಮ್ರಾಜ್ಯದ ಹೆಸರಾಂತ ವೈದ್ಯ ಗ್ಯಾಲೆನ್ ಬೇರೆಯೇ ಹೇಳಿದ್ದ. ಅವನು ಕ್ರಿಸ್ತಶಕ ಎರಡನೇ ಶತಮಾನದವನು. ಅವನ ಪ್ರಕಾರ ನಾವು ತಿಂದ ಅನ್ನ ಪಿತ್ತಜನಕಾಂಗದಲ್ಲಿ ರಕ್ತವಾಗುತ್ತೆ, ಅದು ಮೈಯೆಲ್ಲ ಹರಡಿ ಅಲ್ಲಲ್ಲೇ ಖರ್ಚಾಗುತ್ತೆ. ಗದ್ದೆಗೆ ಬಿಟ್ಟ ನೀರು ಇಂಗಿ ಹೋದ ಹಾಗೆ. ಹಿಂದಕ್ಕೆ ಬರೋ ಮಾತೇ ಇಲ್ಲ.

ಹೃದಯದ ಬಲಭಾಗದಿಂದ ಎಡಭಾಗಕ್ಕೆ ರಕ್ತ ಹೇಗೆ ಹೋಗುತ್ತೆ? ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಅಂದ. ಯಾರೂ ಆ ತೂತು ಕಂಡಿರಲಿಲ್ಲ. ಆದರೂ ಯುರೋಪು ಹೆಚ್ಚುಕಮ್ಮಿ 1400 ವರ್ಷ ಅದನ್ನೇ ನಂಬಿಕೊಂಡು ಬಂತು. ‘ದೊಡ್ಡವರು ಹೇಳಿದ್ದಾರೆ’ ಅನ್ನೋ ಮಾತಿಗೆ ಅಷ್ಟು ಬಲ!

📌 ಭಾಗ 3/10: ಕೈರೋದ ವೈದ್ಯ, ಯೆಮನ್‌ನ ಬೀಜ
ಆ ತೂತು ಇಲ್ಲವೇ ಇಲ್ಲ ಅಂತ ಮೊದಲು ಬರೆದಿಟ್ಟವರಲ್ಲಿ ಒಬ್ಬ ಇಬ್ನ್ ಅಲ್-ನಫೀಸ್. ಡಮಾಸ್ಕಸ್ ಕಡೆಯವನು, ಕೈರೋದಲ್ಲಿ ವೈದ್ಯನಾಗಿದ್ದ. ‘ಆ ಗೋಡೆ ಗಟ್ಟಿಯಾಗಿದೆ. ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿ ಜೊತೆ ಬೆರೆತು ಎಡಗಡೆಗೆ ಬರುತ್ತೆ’ ಅನ್ನೋದು ಅವನ ವಾದ. ಅದು 1242ರ ಸುಮಾರು. ಆದರೆ ಆ ಬರಹ ಮರೆತೇ ಹೋಯಿತು. 1924ರಲ್ಲಿ ಈಜಿಪ್ಟಿನ ವೈದ್ಯ ಮುಹಿಯುದ್ದೀನ್ ಅಲ್-ತತಾವಿಗೆ ಬರ್ಲಿನ್‌ನ ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಒಂದು ಸರಿಯಾದ ಮಾತು ಏಳುನೂರು ವರ್ಷ ಕಪಾಟಿನಲ್ಲಿ ಮಲಗಿತ್ತು ನೋಡಿ.

ಅದೇ ಅರಬ್ ಲೋಕದಲ್ಲಿ, 15ನೇ ಶತಮಾನದ ಯೆಮನ್‌ನಲ್ಲಿ, ಸೂಫಿಗಳು ರಾತ್ರಿ ಪ್ರಾರ್ಥನೆಗೆ ನಿದ್ದೆ ಬಾರದಿರಲಿ ಅಂತ ಒಂದು ಕಪ್ಪು ಕಷಾಯ ಕುಡಿಯೋಕೆ ಶುರು ಮಾಡಿದರು. ಹೆಸರು ಕಹ್ವಾ. ಮೊದಲಿಗೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1511ರಲ್ಲಿ ಮೆಕ್ಕಾದ ಅಧಿಕಾರಿ ಅದನ್ನು ನಿಷೇಧಿಸಿಯೂಬಿಟ್ಟ. ನಿಷೇಧ ಉಳಿಯಲಿಲ್ಲ, ಕಾಫಿ ಉಳೀತು. ☕

📌 ಭಾಗ 4/10: ಒಂದು ಗುಣಾಕಾರ ಸಾಕಾಯ್ತು
ಈಗ ಲಂಡನ್ನಿಗೆ ಬನ್ನಿ. ವಿಲಿಯಂ ಹಾರ್ವೆ, ಹುಟ್ಟಿದ್ದು 1578ರಲ್ಲಿ. ಇಟಲಿಯ ಪಾದುವಾದಲ್ಲಿ ಓದಿ, ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯನಾದ. ಗ್ಯಾಲೆನ್ ಹೇಳಿದ್ದನ್ನು ಅವನು ಸುಮ್ಮನೆ ಲೆಕ್ಕ ಹಾಕಿ ನೋಡಿದ.

ಹೃದಯ ಒಂದು ಸಲ ಮಿಡಿದಾಗ ಅರ್ಧ ಔನ್ಸ್, ಅಂದರೆ ಸುಮಾರು 15 ಗ್ರಾಂ ರಕ್ತ ಹೊರಗೆ ಹೋಗುತ್ತೆ ಅಂದ್ಕೊಳ್ಳಿ. ಅರ್ಧ ಗಂಟೆಗೆ ಸಾವಿರ ಬಡಿತ ಅಂತ ಬಹಳ ಕಡಿಮೆ ಇಟ್ಟುಕೊಂಡರೂ 15 ಕಿಲೋ! ನಮ್ಮ ಮೈಯಲ್ಲಿರೋ ಒಟ್ಟು ರಕ್ತವೇ ಸುಮಾರು 5 ಲೀಟರ್. ತಿಂದ ಮುದ್ದೆಯಿಂದ ಅರ್ಧ ಗಂಟೇಲಿ ಇಷ್ಟು ರಕ್ತ ಹುಟ್ಟೋಕೆ ಸಾಧ್ಯಾನಾ? ಇಲ್ಲ. ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಬರ್ತಿರಬೇಕು. 1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವನ 72 ಪುಟದ ಸಣ್ಣ ಪುಸ್ತಕ ಅಚ್ಚಾಯಿತು.

ಅವನು ಮಾಡಿದ ಒಂದು ಪರೀಕ್ಷೆ ನೀವೂ ಮಾಡಬಹುದು. ಕೈ ಕೆಳಗೆ ಇಳಿಬಿಟ್ಟು, ಮುಂಗೈಯಲ್ಲಿ ಉಬ್ಬಿದ ಒಂದು ನರ ಹುಡುಕಿ. ಒಂದು ಬೆರಳಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ಮೊಣಕೈ ಕಡೆಗೆ ನೀವಿ ಬಿಡಿ. ಆ ಜಾಗ ಖಾಲಿಯಾಗೇ ಉಳಿಯುತ್ತೆ, ಮೇಲಿನ ರಕ್ತ ಕೆಳಗೆ ಇಳಿಯೋಲ್ಲ. ಒಳಗಿನ ಕವಾಟ ತಡೆಯುತ್ತೆ. ಒತ್ತಿದ ಬೆರಳು ತೆಗೆದ ತಕ್ಷಣ ಕೆಳಗಿಂದ ತುಂಬಿಕೊಳ್ಳುತ್ತೆ. ಇಷ್ಟೇ! ದಾರಿ ಒಂದೇ ಕಡೆಗೆ: ಹೃದಯದ ಕಡೆಗೆ.

📌 ಭಾಗ 5/10: 1652ರ ‘ರೀಲ್’
ಎಲ್ಲರಿಗಿಂತ ಮೊದಲೇ ಕಾಫಿಗೆ ಬಿದ್ದಿದ್ದ ಇಂಗ್ಲಿಷರಲ್ಲಿ ಈ ಹಾರ್ವೆಯೂ ಒಬ್ಬ. ಅವನ ತಮ್ಮಂದಿರು ತುರ್ಕಿ ಕಡೆ ವ್ಯಾಪಾರ ಮಾಡ್ತಿದ್ದರು. ಲಂಡನ್ನಿನಲ್ಲಿ ಕಾಫಿ ಅಂಗಡಿಗಳು ಫ್ಯಾಷನ್ ಆಗೋ ಮುಂಚೆಯೇ ಅವನೂ ತಮ್ಮ ಎಲಿಯಬ್‌ನೂ ಕಾಫಿ ಕುಡೀತಿದ್ದರು ಅಂತ, ಅವನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ರಕ್ತ ಸುತ್ತುತ್ತೆ ಅಂತ ತೋರಿಸಿದವನ ಕೈಯಲ್ಲೇ ಕಾಫಿ ಲೋಟ!

ಆದರೆ ‘ಕಾಫಿಯಿಂದ ರಕ್ತ ಓಡುತ್ತೆ’ ಅಂತ ಅವನ ಪುಸ್ತಕ ಹೇಳೋದಿಲ್ಲ. ಹಾಗೆ ಹೇಳಿದವರು ಮಾರೋರು. 1652ರ ಹೊತ್ತಿಗೆ ಪಾಸ್ಕ್ವಾ ರೋಸೆ ಅನ್ನೋನು ಲಂಡನ್ನಿನ ಮೊದಲ ಕಾಫಿ ಅಂಗಡಿ ಇಟ್ಟ. ಒಂದು ಕರಪತ್ರವನ್ನೂ ಹಂಚಿದ. ಅದರಲ್ಲಿ ಏನಿತ್ತು ಗೊತ್ತಾ? ತಲೆನೋವು, ಕೆಮ್ಮು, ಕಣ್ಣಿನ ಬಾಧೆ, ಕೀಲುನೋವು, ಮೈ ನೀರು ತುಂಬೋದು ಎಲ್ಲಕ್ಕೂ ಒಳ್ಳೇದು, ಹೃದಯಕ್ಕೂ ಹಗುರ. ಕುಡಿಯೋ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು, ಕುಡಿದ ಮೇಲೂ ಒಂದು ಗಂಟೆ ತಿನ್ನಬಾರದು, ಆದಷ್ಟು ಬಿಸಿಯಾಗಿ ಕುಡೀಬೇಕು!

ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಖಾಲಿ ಹೊಟ್ಟೆಯ ಶರತ್ತು 370 ವರ್ಷ ಹಳೇದು ಕಣ್ರೀ.

📌 ಭಾಗ 6/10: ನಮ್ಮ ಕಡೆ ಬೆಳಗ್ಗೆ ಏನಿತ್ತು?
ಐತಿಹ್ಯದ ಪ್ರಕಾರ ಸುಮಾರು 1670ರಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು. ಬೆಟ್ಟಕ್ಕೂ ಅವರ ಹೆಸರೇ ಬಂತು. ಆದರೂ ಬೆಳಗಾದರೆ ಕಾಫಿ ಅನ್ನೋ ರೂಢಿ ನಮ್ಮ ಮನೆಮನೆಗೆ ಬಂದದ್ದು ಬಹಳ ತಡವಾಗಿ.

ಅದಕ್ಕೂ ಮುಂಚೆ ಹೊಲಕ್ಕೆ ಹೋಗೋರ ಕೈಗೆ ಸಿಗ್ತಿದ್ದದ್ದು ಅಂಬಲಿ. ರಾಗಿ ಹಿಟ್ಟನ್ನು ಕದಡಿ ಕುದಿಸಿ, ರಾತ್ರಿ ಹುಳಿ ಬರಿಸಿ, ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದ್ದು. ಮಲೆನಾಡಿನ ಕಡೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿದ ಕಷಾಯ, ಮೇಲೊಂದು ಚೂರು ಬೆಲ್ಲ. ಇವನ್ನು ಕುಡಿದೋರು ‘ರಕ್ತ ಸಂಚಾರಕ್ಕೆ’ ಅಂತ ಕುಡೀಲಿಲ್ಲ. ಹಸಿವಿಗೆ, ಚಳಿಗೆ, ದಣಿವಿಗೆ ಕುಡಿದರು. ಆಮೇಲೆ ಸಂಜೆವರೆಗೂ ಗೇಯ್ದರು. ರಕ್ತ ಓಡಿಸಿದ್ದರಲ್ಲಿ ಆ ಗೇಯ್ಮೆಯ ಪಾಲು ದೊಡ್ಡದು. ಲೋಟವನ್ನು ಮಾತ್ರ ಎತ್ತಿಕೊಂಡು ಹೊಲವನ್ನು ಬಿಟ್ಟರೆ ಅರ್ಧ ಚರಿತ್ರೆ ಬಿಟ್ಟ ಹಾಗೆ.

📌 ಭಾಗ 7/10: ಅಜ್ಜಿ ಕಷಾಯ ನಿಜವಾಗಿಯೂ ಕೆಲಸ ಮಾಡಿದಾಗ
‘ಹಾಗಾದರೆ ಮನೆಮದ್ದೆಲ್ಲ ಬರೀ ನಂಬಿಕೆಯಾ?’ ಅಂತ ಕೇಳ್ತೀರಾ? ಇಲ್ಲ, ಈ ಕಥೆ ಕೇಳಿ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೆ ಒಂದು ಗುಟ್ಟಿನ ಮದ್ದಿನ ಬಗ್ಗೆ ಅಭಿಪ್ರಾಯ ಕೇಳಿದರು. ಶ್ರಾಪ್‌ಶೈರ್‌ನ ಒಬ್ಬ ಮುದುಕಿ ಕೊಡ್ತಿದ್ದ ಮದ್ದು ಅದು. ಮೈಯೆಲ್ಲ ನೀರು ತುಂಬಿ ಊದಿದೋರು ಅದರಿಂದ ಗುಣವಾಗ್ತಿದ್ದರು. ಅದರಲ್ಲಿ ಇಪ್ಪತ್ತು, ಇನ್ನೂ ಹೆಚ್ಚು ಗಿಡಮೂಲಿಕೆ.

ವಿದರಿಂಗ್ ನಗಲಿಲ್ಲ, ಕಣ್ಮುಚ್ಚಿ ನಂಬಲೂ ಇಲ್ಲ. ಅಷ್ಟರಲ್ಲಿ ಕೆಲಸ ಮಾಡ್ತಿರೋದು ಒಂದೇ ಗಿಡ, ಫಾಕ್ಸ್‌ಗ್ಲೋವ್, ಅಂತ ಗುರುತಿಸಿದ. ಹತ್ತು ವರ್ಷ ಪ್ರಮಾಣ ಬದಲಿಸಿ ಬದಲಿಸಿ ಬರೆದಿಟ್ಟ. ಗುಣವಾದೋರ ಜೊತೆ ಗುಣವಾಗದೋರ ವಿವರವನ್ನೂ 1785ರ ತನ್ನ ಪುಸ್ತಕದಲ್ಲಿ ಹಾಕಿದ. ಡಿಜಿಟಾಲಿಸ್ ಅನ್ನೋ ಹೃದಯದ ಔಷಧಿ ಬಂದದ್ದು ಹೀಗೆ.

ಒಂದು ಎಚ್ಚರಿಕೆ: ಅದೇ ಗಿಡ ಸ್ವಲ್ಪ ಹೆಚ್ಚಾದರೆ ವಿಷ. ಹೃದಯವೇ ನಿಲ್ಲಬಹುದು. ‘ನೈಸರ್ಗಿಕ, ಏನೂ ಆಗಲ್ಲ’ ಅನ್ನೋ ಮಾತಿಗೆ ಈ ಒಂದು ಗಿಡ ಸಾಕು ಉತ್ತರ.

📌 ಭಾಗ 8/10: ಅಳತೆ ಬಂತು
ರಕ್ತ ಅಪಧಮನಿಯಿಂದ ಅಭಿಧಮನಿಗೆ ಎಲ್ಲಿ ದಾಟುತ್ತೆ? ಹಾರ್ವೆಗೆ ಅದು ಕಾಣಲೇ ಇಲ್ಲ. ಅವನು 1657ರಲ್ಲಿ ತೀರಿಕೊಂಡ. ನಾಲ್ಕೇ ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ಕಂಡ. ವೃತ್ತ ಪೂರ್ತಿಯಾಯಿತು.

ಇನ್ನು ಒತ್ತಡ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ 8 ಅಡಿಗೂ ಮೇಲೆ ಏರಿತು! ಅದನ್ನು 1733ರಲ್ಲಿ ಪ್ರಕಟಿಸಿದ. 1896ರಲ್ಲಿ ಇಟಲಿಯ ರೀವಾ-ರೋಚಿ ತೋಳಿಗೆ ಸುತ್ತೋ ಪಟ್ಟಿ ಮಾಡಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳೋ ಕ್ರಮ ಹೇಳಿದ. ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಕೈಗೆ ಪಟ್ಟಿ ಕಟ್ಟಿ ನೋಡೋದು ಇದೇ ಕ್ರಮ.

ಇದು ಯಾಕೆ ಮುಖ್ಯ ಅಂದರೆ, ಅಳತೆ ಬಂದ ಮೇಲೆ ‘ಕುಡಿದೆ, ಹಾಯೆನಿಸ್ತು’ ಅನ್ನೋದು ಸಾಲದಾಯಿತು. ಬಿಪಿ ಏರಿದರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ಹಾಯೆನಿಸ್ತಿರುವಾಗಲೇ ಏರಿರಬಹುದು.

📌 ಭಾಗ 9/10: ಹಾರ್ವೆ ಹೆಸರಿನ ಸಂಸ್ಥೆ, ಅರ್ಧ ಲೀಟರ್ ಬೀಟ್‌ರೂಟ್ ರಸ
ರಕ್ತನಾಳದ ಒಳಪದರವೇ ಒಂದು ಅನಿಲ ಹುಟ್ಟಿಸಿ ನಾಳವನ್ನು ಸಡಿಲ ಮಾಡುತ್ತೆ. ಅದು ನೈಟ್ರಿಕ್ ಆಕ್ಸೈಡ್. ಇದನ್ನು ಪತ್ತೆ ಮಾಡಿದ್ದಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು.

ಬೀಟ್‌ರೂಟ್, ಪಾಲಕ್, ಹರಿವೆ ಇವುಗಳಲ್ಲಿ ನೈಟ್ರೇಟ್ ಜಾಸ್ತಿ. 2008ರಲ್ಲಿ ಲಂಡನ್ನಿನ ವಿಲಿಯಂ ಹಾರ್ವೆ ಸಂಶೋಧನಾ ಸಂಸ್ಥೆಯ ಅಮೃತಾ ಅಹ್ಲುವಾಲಿಯಾ ಮತ್ತು ಜೊತೆಗಾರರು ಆರೋಗ್ಯವಂತರಿಗೆ 500 ಮಿಲಿ ಬೀಟ್‌ರೂಟ್ ರಸ ಕುಡಿಸಿ ಅಳೆದರು. ಮೂರು ಗಂಟೆಯೊಳಗೆ ಮೇಲಿನ ಬಿಪಿ ಸುಮಾರು 10 ಅಂಕ ಇಳೀತು. ಎಂಜಲು ನುಂಗದ ಹಾಗೆ ತಡೆದಾಗ ಇಳೀಲಿಲ್ಲ! ಯಾಕಂದರೆ ನೈಟ್ರೇಟನ್ನು ಮೊದಲು ಬದಲಿಸೋದು ನಾಲಿಗೆ ಮೇಲಿನ ಬ್ಯಾಕ್ಟೀರಿಯಾ.

ಅಂದರೆ ರೀಲಿನಲ್ಲಿ ಒಂದು ಎಳೆ ಸತ್ಯ ಇದೆ. ಆದರೆ ನೋಡಿ: ಇಳಿದದ್ದು ತಾತ್ಕಾಲಿಕವಾಗಿ ಅಷ್ಟೇ. ಪರೀಕ್ಷೆ ಆದದ್ದು ಚಿಕ್ಕ ಗುಂಪಿನ ಮೇಲೆ. ‘ಬ್ಲಾಕೇಜ್ ಕರಗಿತು’ ಅಂತ ಆ ಅಧ್ಯಯನ ಹೇಳಿಲ್ಲ. ಅದು ಸೇರಿಸಿದ್ದು ರೀಲ್ ಮಾಡಿದೋರು.

📌 ಭಾಗ 10/10: ಅಜ್ಜಿಗೆ ಏನು ಹೇಳೋದು?
ಇಷ್ಟು ಹೇಳಿ ಸಾಕು.

💧 ಎದ್ದ ತಕ್ಷಣ ನೀರು: ರಾತ್ರಿಯೆಲ್ಲ ಕುಡಿದಿರೋಲ್ಲ. ರಕ್ತದ ದ್ರವಭಾಗದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನೀರೇ. ಹೃದಯ ವೈಫಲ್ಯ, ಕಿಡ್ನಿ ತೊಂದರೆ ಇದ್ದು ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಸರಿ.

☕ ಕಾಫಿ: ಹಿತಮಿತವಾಗಿ ಕುಡಿದರೆ ಹೆಚ್ಚಿನವರಿಗೆ ಪರವಾಗಿಲ್ಲ. ಅಭ್ಯಾಸ ಇಲ್ಲದೋರಿಗೆ ಸ್ವಲ್ಪ ಹೊತ್ತು ಬಿಪಿ ಏರಿಸುತ್ತೆ. ಹಾಗಾಗಿ ಬಿಪಿ ನೋಡಿಸೋ ಅರ್ಧ ಗಂಟೆ ಮುಂಚೆ ಬೇಡ.

🥣 ಅಂಬಲಿ, ಮಜ್ಜಿಗೆ, ಕಷಾಯ: ಧಾರಾಳವಾಗಿ ಕುಡೀಲಿ. ಬಿಪಿ ಇದ್ದರೆ ಉಪ್ಪು, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಕಡಿಮೆ.

🥬 ಬೀಟ್‌ರೂಟ್, ಸೊಪ್ಪಿನ ರಸ: ಊಟದ ಭಾಗವಾಗಿ ಒಳ್ಳೇದೇ. ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತಗೊಳ್ಳೋರು ಇದ್ದಕ್ಕಿದ್ದಂತೆ ಸೊಪ್ಪಿನ ರಸ ಜಾಸ್ತಿ ಮಾಡಬಾರದು, ಔಷಧಿಯ ಬಲ ಏರುಪೇರಾಗುತ್ತೆ. ಕಿಡ್ನಿ ತೊಂದರೆ ಇದ್ದೋರು ಡಾಕ್ಟರನ್ನು ಕೇಳಬೇಕು.

💊 ಮಾತ್ರೆ: ಯಾವ ಲೋಟವೂ ಅದರ ಬದಲಿಗೆ ಅಲ್ಲ. ಬಿಡೋದಾದರೂ, ಕಡಿಮೆ ಮಾಡೋದಾದರೂ ಅಳತೆ ನೋಡಿ ಡಾಕ್ಟರೇ ಹೇಳಬೇಕು.

🚨 ಎದೆ ಹಿಂಡಿದಂಗೆ ನೋವು, ಬಾಯಿ ಸೊಟ್ಟ, ಕೈಯೋ ಮಾತೋ ಬಿದ್ದುಹೋಗೋದು: ಇಂಥ ಹೊತ್ತಲ್ಲಿ ಕಷಾಯ ಕಾಯಿಸ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಹಾರ್ವೆ ‘ಲೆಕ್ಕ ಹಾಕಿ ನೋಡೋಣ’ ಅಂದ, ವಿದರಿಂಗ್ ‘ಬರೆದಿಡೋಣ’ ಅಂದ, ಹೇಲ್ಸ್ ‘ಅಳೆಯೋಣ’ ಅಂದ. ನಿಮ್ಮ ಕೆಲಸ ಇನ್ನೂ ಸುಲಭ. ಈ ಭಾನುವಾರ ಮನೆಯ ಹಿರಿಯರನ್ನು ಕೂರಿಸಿ, ಅವರು ಯಾವ ಮಾತ್ರೆ ತಗೋತಾರೆ, ಬಿಪಿ ಕೊನೇ ಸಲ ನೋಡಿಸಿದ್ದು ಯಾವಾಗ ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬೇಕಾದರೆ ಜೊತೆಗೆ ಒಂದು ಲೋಟ ಅಂಬಲಿಯನ್ನೂ ಕೊಡಿ.

ನಿಮ್ಮ ಮನೇಲಿ ಬೆಳಗ್ಗೆ ಮೊದಲು ಏನು ಕುಡೀತಾರೆ? ಊರಿನ ಹೆಸರಿನ ಜೊತೆ ಕಮೆಂಟ್ ಮಾಡಿ. 👇

#ಲೋಟದೊಳಗಿನಇತಿಹಾಸ #ಕನ್ನಡ #ಕಾಫಿ #ಅಂಬಲಿ #ವಿಜ್ಞಾನದಚರಿತ್ರೆ